ಭೂತನಾಳದ ಪೈಪು ಮತ್ತು ತಿಕೋಟಾದ ಒಲೆ

ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಆ ನಡುವಿನ ದಿನಗಳಲ್ಲಿ ನಾನು ವಿಜಾಪುರದ ಒಂದು ಕಚೇರಿಯಲ್ಲಿ ಓವರ್ಸಿಯರ್ ಆಗಿ ಸೇರಿದೆ. ಈಗ ವಿಜಯಪುರ ಎನ್ನುತ್ತೇವೆ, ಆಗ ನಮ್ಮ ಬಾಯಲ್ಲಿ ವಿಜಾಪುರವೇ. ಯಾವ ಕಚೇರಿ ಎಂದು ಹೇಳುವುದು ಬೇಡ. ಊರ ಹೊರಗೆ ಯಾರಾದರೂ ಹೊಸದಾಗಿ ಮನೆಗಳ ಬಡಾವಣೆ ಮಾಡಬೇಕೆಂದರೆ ಅದರ ನಕಾಶೆ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಹೇರಿ, ಕಾಯದೆಗೆ ಸರಿಯಾಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಪುಣೆಯಲ್ಲಿ ಪರೀಕ್ಷೆ ಪಾಸು ಮಾಡಿ ಬಂದವನು ನಾನು. ಸೇತುವೆ ಕಟ್ಟುತ್ತೇನೆ ಅಂದುಕೊಂಡಿದ್ದೆ.

ನನ್ನ ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಕಾಲುನೋವಿನ ಮನುಷ್ಯ, ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೆ ಮಾತ್ರ ಏಳುತ್ತಿದ್ದರು. ಭೂಮಿಯನ್ನು ಕಣ್ಣಾರೆ ನೋಡಿ ಬರೆದ ವರದಿಯ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆ ಇರಲಿಲ್ಲ. "ಬಿಸಲಾಗ ಕಣ್ಣು ಸುಳ್ಳು ಹೇಳತಾವ. ನಕಾಶಿ ನೆರಳಾಗ ಇರತೈತಿ," ಎನ್ನುತ್ತಿದ್ದರು.

ಆ ವರ್ಷ ಒಂದು ಮನೆ ಸೊಸೈಟಿಯ ನಕಾಶೆ ಬಂತು. ತಿಕೋಟಾ, ಬಬಲೇಶ್ವರ ಕಡೆಯ ಕೆಲವು ಕುಟುಂಬಗಳು, ಅಂದರೆ ಅಡತಿ ವ್ಯಾಪಾರದವರು, ಸಾಲಿ ಮಾಸ್ತರರು, ಒಬ್ಬಿಬ್ಬರು ವಕೀಲರು, ಕೂಡಿಕೊಂಡು ತಿಕೋಟಾ ರಸ್ತೆಯ ಬದಿಗೆ ಕೋಟೆ ಗೋಡೆಯಾಚೆ ಹೊಲ ತೆಗೆದುಕೊಂಡಿದ್ದರು. ಮಕ್ಕಳು ಪಟ್ಟಣದಲ್ಲಿ ಓದಲಿ ಎಂಬ ಆಸೆ. ಸೊಸೈಟಿಯ ಅಧ್ಯಕ್ಷರು ಬಬಲೇಶ್ವರದ ನಿವೃತ್ತ ಹೆಡ್ಮಾಸ್ತರರು. ಅವರು ಯಾರನ್ನು ಮಾತಾಡಿಸಿದರೂ ಹಿಂದಿನ ಬೆಂಚಿನವನನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ ಆಗುತ್ತಿತ್ತು. ಮೊದಲ ದಿನವೇ ನನ್ನ ಅಕ್ಷರ ನೋಡಿ, "ತಲಿಕಟ್ಟು ಸೊಟ್ಟ ಆಗ್ಯಾವು," ಎಂದರು. ನಾನು ಎದ್ದು ನಿಂತೇ "ಹೌದ್ರಿ" ಅಂದೆ.

ನಾನು ನೋಡಬೇಕಾದ ವಿಷಯ ಎರಡೇ. ಎಕರೆಗೆ ಇಂತಿಷ್ಟಕ್ಕಿಂತ ಹೆಚ್ಚು ಮನೆ ಇರಬಾರದು. ಮತ್ತು ಭೂತನಾಳದ ಕೆರೆಯಿಂದ ಊರಿಗೆ ನೀರು ತರುವ ಕಬ್ಬಿಣದ ಪೈಪು ನೆಲದೊಳಗೆ ಎಲ್ಲಿ ಹಾದಿದೆಯೋ ಅದರ ಎರಡೂ ಬದಿಗೆ ಬಯಲು ಪಟ್ಟಿ ಬಿಡಬೇಕು. ನಾಳೆ ಪೈಪು ಒಡೆದರೆ ಯಾರದೋ ದೇವರ ಕೋಣೆ ಅಗೆಯುವ ಪ್ರಸಂಗ ಬರಬಾರದಲ್ಲ. ನಮ್ಮ ಕಚೇರಿಯ ಹಳೆಯ ನಕಾಶೆಯಲ್ಲಿ ಆ ಪೈಪು ಕೆಂಪು ಗೆರೆಯಾಗಿ, ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿ, ಈ ಹೊಲದ ನಟ್ಟನಡುವೆ ಹಾದಿತ್ತು. ಅದಕ್ಕೆ ಪಟ್ಟಿ ಬಿಡಿಸಿ ಮತ್ತೆ ಎಣಿಸಿದೆ. ಉಳಿದ ಜಾಗಕ್ಕೆ ಒಂದು ಮನೆ ಹೆಚ್ಚಾಗಿತ್ತು.

ಒಂದೇ ಒಂದು ಮನೆ. ಹೆಡ್ಮಾಸ್ತರರನ್ನು ಕರೆಸಿ ಹೇಳಿದೆ. ಅವರು ಸದಸ್ಯರನ್ನೆಲ್ಲ ಕೂಡಿಸಿ ಯಾರು ಬಿಡುತ್ತೀರಿ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಮರುವಾರ ಅವರೇ ಉಪಾಯ ಹುಡುಕಿಕೊಂಡು ಬಂದರು.

"ತಿಕೋಟಾದ ಅಣ್ಣ ತಮ್ಮ ಅದಾರಲ್ಲ, ಇಬ್ಬರ ಪ್ಲಾಟೂ ಮಗ್ಗಲ ಮಗ್ಗಲಕ್ಕ ಅದಾವು. ಎರಡೂ ಕೂಡಿಸಿ ಒಂದ ಮನಿ ಅಂತ ಬರಕೋರಿ. ಒಂದ ಹೊಟ್ಟ್ಯಾಗ ಹುಟ್ಟಿದವರು. ಮನಿ ಎರಡು ಯಾಕ ಬೇಕು?"

"ಅವರು ಒಪ್ಪ್ಯಾರೇನ್ರಿ?"

"ಮಾತಾಡಿದ್ರ ಒಪ್ಪತಿದ್ರು. ಇಬ್ಬರೂ ಮಾತಾಡೂದಿಲ್ಲ."

ಆ ಅಣ್ಣ ತಮ್ಮಂದಿರು ಜೋಳ, ಶೇಂಗಾ ವ್ಯಾಪಾರದವರು. ತಂದೆ ತೀರಿದ ಮೇಲೆ ತಿಕೋಟಾದ ಹಳೆಯ ಮನೆ ರಿಪೇರಿ ಮಾಡಿಸುವಾಗ ತಲೆಬಾಗಿಲು ಪೂರ್ವಕ್ಕಿರಬೇಕೆಂದು ಅಣ್ಣ, ಉತ್ತರಕ್ಕಿರಬೇಕೆಂದು ತಮ್ಮ ಹಟ ಹಿಡಿದರು. ಕೊನೆಗೆ ಮನೆಗೆ ಎರಡು ಬಾಗಿಲಾಯಿತು, ನಡುವೆ ಗೋಡೆಯೂ ಎದ್ದಿತು. ಅಂದಿನಿಂದ ಮಾತಿಲ್ಲ. ಆದರೆ ಅಂಗಡಿ ಮಾತ್ರ ಕೂಡಿಯೇ ಇತ್ತು. ವ್ಯಾಪಾರದ ಮಾತನ್ನು ಎದುರಿಗಿದ್ದ ಗಿರಾಕಿಗೆ ಹೇಳುತ್ತಿದ್ದರು.

ಅವರು ಕಚೇರಿಗೆ ಬಂದಾಗ ಇದರ ರುಚಿ ನನಗೂ ಸಿಕ್ಕಿತು. ಇಬ್ಬರೂ ಒಂದೇ ಬಾಕಿನ ಮೇಲೆ, ಅಂದರೆ ಕಚೇರಿಯ ಬೆಂಚಿನ ಮೇಲೆ, ಕೂತಿದ್ದರು. ರುಮಾಲು ಒಂದೇ ಬಣ್ಣದವು, ಮೂಗೂ ಒಂದೇ ತರಹ.

"ಸಾಹೇಬ್ರ, ಅವಗ ಹೇಳ್ರಿ," ಎಂದ ಅಣ್ಣ ನನ್ನ ಕಡೆ ತಿರುಗಿ, "ಕಾಗದದ ಮ್ಯಾಲಷ್ಟ ಒಂದ ಮನಿ. ಖರೇನ ಒಂದ ಮನಿ ಅಲ್ಲ."

ಬಾಕಿನ ಮೇಲಿನ ತಮ್ಮ ಎಲ್ಲ ಕೇಳಿಸಿಕೊಂಡು, ನಾನು ಹೇಳಲಿ ಎಂದು ನನ್ನ ಮುಖ ನೋಡುತ್ತಿದ್ದ. ನಾನು ಅವನಿಗೆ ಅದನ್ನೇ ಹೇಳಿದೆ.

"ಅವಗ ತಿಳಸ್ರಿ," ಎಂದ ತಮ್ಮ, "ನಾ ಬಿಟ್ಟರ ಪ್ಲಾಟು ಪೂರಾ ಅವಗ ಹೋಗತೈತಿ. ಅದಕ್ಕ ಒಪ್ಪೇನಿ. ಇಲ್ಲಾಂದ್ರ ಒಪ್ಪತಿರಲಿಲ್ಲ."

"ಅವಗ ಹೇಳ್ರಿ, ನಾನೂ ಅದಕ್ಕ ಒಪ್ಪೇನಿ ಅಂತ."

ನಾನು ಎಡಕ್ಕೂ ಬಲಕ್ಕೂ ತಿರುಗಿ ಕುತ್ತಿಗೆ ನೋಯಿಸಿಕೊಂಡೆ. ಒಪ್ಪಿಗೆಯಂತೂ ಸಿಕ್ಕಿತು. ಆದರೆ ಸಾಹೇಬರು ಸುಲಭಕ್ಕೆ ಬಿಡುವವರಲ್ಲ.

"ಒಂದ ಮನಿ ಅಂದ್ರೇನು?" ಎಂದು ನನ್ನನ್ನೇ ಕೇಳಿದರು.

"ಒಂದ ಗೋಡಿ, ಒಂದ ಮಾಳಗಿ..."

"ತಪ್ಪು. ಒಂದ ಒಲಿ. ಎಷ್ಟು ಒಲಿಯೋ ಅಷ್ಟು ಮನಿ. ಈಗ ಅವರದು ಒಂದ ಒಲಿ ಐತೇನು? ಹೋಗಿ ನೋಡಿ ಬಾ. ಅಲ್ಲಿ ತಿಕೋಟಾದಾಗ ಎರಡು ಒಲಿ ಹಚ್ಚವರು ವಿಜಾಪುರಕ್ಕ ಬಂದು ಒಂದ ಒಲಿ ಹಚ್ಚತಾರ ಅಂತ ನಂಬೂದು ಹೆಂಗ?"

ನೆಲ ನೋಡುವುದನ್ನು ನಂಬದ ಮನುಷ್ಯ ಒಲೆ ನೋಡಲು ನನ್ನನ್ನು ತಿಕೋಟಾಕ್ಕೆ ಕಳಿಸಿದ್ದು ಹೀಗೆ.

ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಪೆಟ್ರೋಲಿಗೆ ಇನ್ನೂ ರೇಷನ್ನಿನ ಕಟ್ಟು ಇತ್ತು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡಬ್ಬಿ ಕಟ್ಟಿ, ಅದರಲ್ಲಿ ಇದ್ದಿಲು ಸುಟ್ಟು, ಕ್ಲೀನರು ಚಕ್ರ ತಿರುವಿ ತಿರುವಿ ಊದಿದ ಮೇಲೆ ಗಾಡಿ ಕೆಮ್ಮುತ್ತ ಏಳುತ್ತಿತ್ತು. ಏರು ಬಂದಲ್ಲಿ ನಾವೆಲ್ಲ ಇಳಿದು ತಳ್ಳಿದೆವು. ತಿಕೋಟಾ ಮುಟ್ಟುವಷ್ಟರಲ್ಲಿ ನನ್ನ ಬಿಳಿ ಅಂಗಿ ಬೂದಿಬಣ್ಣವಾಗಿತ್ತು. ಒಲೆ ಪರೀಕ್ಷೆಗೆ ಬಂದವನ ಅವತಾರ ಒಲೆಯೊಳಗಿಂದ ಎದ್ದು ಬಂದವನ ಹಾಗಿತ್ತು.

ಅಣ್ಣ ತಮ್ಮ ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದಿದ್ದರು, ರಸ್ತೆಯ ಆಚೆಗೊಬ್ಬ, ಈಚೆಗೊಬ್ಬ. ಅವರ ತಯಾರಿ ಎಷ್ಟಿತ್ತೆಂದು ನನಗೆ ಆಮೇಲೆ ತಿಳಿಯಿತು. ಎರಡು ಒಲೆ ಇವೆ ಎಂದು ಗೊತ್ತಾದರೆ ಕೆಲಸ ಕೆಟ್ಟಿತೆಂದು ಹೆಡ್ಮಾಸ್ತರರು ಹೇಳಿ ಕಳಿಸಿದ್ದರು. ತಮ್ಮ ತನ್ನ ಕಡೆಯ ಒಲೆಯನ್ನು ಮುಚ್ಚಿಡಬೇಕು, ಅಣ್ಣನದನ್ನು ತೋರಿಸಬೇಕು, ಎರಡೂ ಕುಟುಂಬ ಅಲ್ಲೇ ಉಣ್ಣುತ್ತವೆ ಎನ್ನಬೇಕು. ಹೀಗೆಂದು, ಯಾರ ಮೂಲಕವೋ, ಇಬ್ಬರೂ ಮಾತಾಡಿಕೊಂಡಿದ್ದರು.

ಪೂರ್ವದ ಬಾಗಿಲಿನಿಂದ ಒಳಗೆ ಹೋದೆ. ಅಣ್ಣನ ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬುಟ್ಟಿಯ ತುಂಬ ರೊಟ್ಟಿ, ದೊಡ್ಡ ಗಡಿಗೆಯಲ್ಲಿ ಬೇಳೆ ಕುದಿಯುತ್ತಿತ್ತು.

"ಇದೊಂದ ಒಲಿರಿ," ಎಂದ ಅಣ್ಣ, ಎದೆ ಸೆಟೆಸಿ. "ಎಲ್ಲಾರೂ ಇದರ ಮ್ಯಾಲಿನ ಅಡಿಗಿನ ಉಣ್ಣತೇವ್ರಿ." ಅವನ ಪಾಲಿಗೆ ಅದು ಹಸಿ ಸುಳ್ಳು. ಕಿವಿ ಕೆಂಪಾಗಿದ್ದವು.

ನಾನು ಹೊಸ ನೌಕರ. ಸುಳ್ಳು ಹಿಡಿಯುವುದೇ ನೌಕರಿ ಎಂದು ತಿಳಿದಿದ್ದ ವಯಸ್ಸು. ಉತ್ತರದ ಬಾಗಿಲಿನಿಂದಲೂ ನೋಡುತ್ತೇನೆ ಎಂದೆ. ತಮ್ಮನ ಮುಖ ಇಳಿಯಿತು.

"ಅಲ್ಲೇನೈತ್ರಿ, ಕಾಳಿನ ಖೋಲಿ," ಎನ್ನುತ್ತ ಹಿಂದೆ ಹಿಂದೆ ಬಂದ.

ಅದು ಅಡಿಗೆಮನೆಯೇ. ಮಸಿ ಹಿಡಿದ ಗೋಡೆ. ಮೂಲೆಯಲ್ಲಿ ಒಂದು ದೊಡ್ಡ ಬುಟ್ಟಿ ಬೋರಲು ಹಾಕಿತ್ತು. ಅದರ ಕೆಳಗೆ ಏನೆಂದು ಕೇಳಿದೆ. "ಏನಿಲ್ರಿ" ಎಂದ. ನಾನೇ ಬಗ್ಗಿ ಎತ್ತಿದೆ. ಬುಟ್ಟಿ ಎತ್ತಿದ್ದೇ ತಡ, ಒಂದು ಕೋಳಿ ಕೂಗುತ್ತ ನನ್ನ ಮುಖಕ್ಕೇ ಹಾರಿತು. ನಾನು ಕೂತುಬಿಟ್ಟೆ, ಟೊಪ್ಪಿಗೆ ಒಂದು ಕಡೆ, ಟೇಪು ಒಂದು ಕಡೆ. ಕಣ್ಣು ತೆರೆದರೆ ಎದುರಿಗೆ ಒಲೆ. ಒಲೆಯೊಳಗೆ ತಣ್ಣನೆಯ ಹಳೆಯ ಬೂದಿ, ಬೂದಿಯೊಳಗೆ ಮೊಟ್ಟೆಗಳು.

"ಸಿಕ್ಕಿತಲ್ಲ," ಎಂದೆ.

ಆದರೆ ತಮ್ಮ ನನ್ನ ಕಡೆ ನೋಡುತ್ತಿರಲಿಲ್ಲ. ಒಲೆಯನ್ನೇ ನೋಡುತ್ತಿದ್ದ. ಆ ಬೂದಿ ಇಂದಿನದಲ್ಲ, ನಿನ್ನೆಯದಲ್ಲ. ಜೇಡ ಬಲೆ ಕಟ್ಟಿತ್ತು.

"ಲೇ," ಎಂದು ಹೆಂಡತಿಯನ್ನು ಕರೆದ. ಅವಳು ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. "ಬೆಳಿಗ್ಗೆ ನನಗ ರೊಟ್ಟಿ ಎಲ್ಲಿ ಮಾಡಿ ಹಾಕಿದಿ?"

ಅವಳು ಗೋಡೆಗೆ ಒರಗಿಸಿದ್ದ ಜೋಳದ ಚೀಲವನ್ನು ಸರಿಸಿದಳು. ಗೋಡೆಯಲ್ಲಿ ಎರಡು ಕಲ್ಲು ಕಿತ್ತ ಕಿಂಡಿಯಿತ್ತು. ಆಚೆಗೆ ಉರಿಯುವ ಒಲೆಯ ಮುಂದೆ ರೊಟ್ಟಿ ಬಡಿಯುವ ಓರಗಿತ್ತಿ ಕಾಣುತ್ತಿದ್ದಳು.

"ಬಿಸೀದು ಕೊಡ್ಲೇನ?" ಎಂದು ಆಚೆಯಿಂದ ಅಣ್ಣನ ಹೆಂಡತಿ ಕೇಳಿದಳು. ಕಿಂಡಿಯಿಂದ ಒಂದು ಕೈ, ಕೈಯಲ್ಲೊಂದು ರೊಟ್ಟಿ ಬಂತು. ಅಷ್ಟರಲ್ಲಿ ನನ್ನನ್ನು ಕಂಡು ಕೈ ಹಿಂದೆ ಸರಿಯಿತು.

ವಿಷಯ ಇಷ್ಟೇ. ಗೋಡೆ ಎದ್ದ ಮೊದಲ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿತ್ತು. ಎರಡು ಒಲೆ ಊದುವುದು ಯಾಕೆಂದು ಹೆಂಗಸರಿಬ್ಬರೂ ಒಂದರಲ್ಲೇ ಅಡಿಗೆ ಮಾಡಿದರು. ಆಮೇಲೆ ಕಟ್ಟಿಗೆ ಒಣಗಿತು, ಪದ್ಧತಿ ಉಳಿಯಿತು. ಗಂಡಸರು ಅಡಿಗೆಮನೆಗೆ ಕಾಲಿಡುತ್ತಿರಲಿಲ್ಲ. ತಂತಮ್ಮ ಪಡಸಾಲೆಯಲ್ಲಿ, ತಂತಮ್ಮ ಬಾಗಿಲಿನ ಗಾಳಿಯಲ್ಲಿ ಕೂತು ಉಣ್ಣುತ್ತಿದ್ದರು. ಮಾಳಿಗೆಗೆ ಹೊಗೆ ಹೋಗುವ ಬೆಳಕಿಂಡಿ ಒಂದೇ ಇತ್ತು, ಹೊಗೆ ಯಾವ ಒಲೆಯದೆಂದು ತಿಳಿಯುವಂತಿರಲಿಲ್ಲ.

ಅಣ್ಣ ಓಡಿ ಬಂದ. ಆ ಕಡೆಯ ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ.

"ಸಾಹೇಬ್ರ, ಅವಗ ಕೇಳ್ರಿ! ಇಷ್ಟು ದಿನಾ ನನ್ನ ಒಲಿ ರೊಟ್ಟಿ ತಿಂದಾನ ಏನಂವಾ?"

"ಅವಗ ಹೇಳ್ರಿ! ರೊಟ್ಟಿ ಬಡದಾಕಿ ನನ್ನ ಹೇಣತಿನೂ ಅದಾಳಂತ! ಅಂವಾ ತಿಂದದ್ದೂ ನಂದ!"

ಹೆಂಗಸರು ನಗು ತಡೆಯಲಾರದೆ ಕಿಂಡಿಯ ಆಚೆಗೊಬ್ಬಳು ಈಚೆಗೊಬ್ಬಳು ಬಿಕ್ಕುತ್ತಿದ್ದರು. ನಾನು ನೆಲದ ಮೇಲೆ ಕೂತಿದ್ದವನು ಅಲ್ಲೇ ಕೂತು ಯೋಚಿಸಿದೆ. ಇವರು ನನಗೆ ಸುಳ್ಳು ಹೇಳಲು ನಿಂತಿದ್ದರು. ಸುಳ್ಳು ಹಿಡಿಯಲು ನಾನು ಬಂದಿದ್ದೆ. ಹೇಳಿದ್ದು ಪೂರಾ ಸತ್ಯವಾಗಿತ್ತು. ಕಾಯದೆಯ ಪ್ರಕಾರ ಇದು ಒಂದೇ ಮನೆ, ಬಹಳ ದಿನಗಳಿಂದ ಒಂದೇ ಮನೆ. ಅದು ಗೊತ್ತಿಲ್ಲದವರು ಮನೆಯ ಯಜಮಾನರಿಬ್ಬರು ಮಾತ್ರ.

ಹೊರಡುವ ಮುಂಚೆ ನನಗೆ ಊಟ ಹಾಕಿದರು. ಎಲ್ಲಿ ಕೂತು ಉಣ್ಣಬೇಕೆಂಬುದಕ್ಕೂ ತಕರಾರಾಯಿತು. ಕೊನೆಗೆ ಅಂಗಳದ ಬೇವಿನ ಕೆಳಗೆ ಕೂತೆ. ಎಣ್ಣೆಗಾಯಿ ಬದನೆಕಾಯಿ ಪೂರ್ವದ ಬಾಗಿಲಿನಿಂದ ಬಂತು, ಮೊಸರು ಉತ್ತರದಿಂದ.

ವರದಿಯಲ್ಲಿ ಕಂಡದ್ದನ್ನೆಲ್ಲ ಬರೆದೆ. ಸಾಹೇಬರು ಓದಿ, "ಕೋಳಿ ತಗಿ," ಎಂದರು. ತೆಗೆದೆ. ಮುಂದೆ ಬಬಲೇಶ್ವರದಲ್ಲಿ ಹೆಡ್ಮಾಸ್ತರರ ಮನೆಯ ಕಟ್ಟೆಯ ಮೇಲೆ ಹೊಸ ಮನೆಯ ನಕಾಶೆ ತಯಾರಾಯಿತು. ತಲೆಬಾಗಿಲಿನ ಪ್ರಶ್ನೆ ಮತ್ತೆ ಎದ್ದಿತು. ಪೂರ್ವ, ಉತ್ತರ, ಪೂರ್ವ, ಉತ್ತರ ಎಂದು ಇಬ್ಬರೂ ನನ್ನ ಎರಡೂ ಕಿವಿಯಲ್ಲಿ ಕೂಗಿದರು. ಹೆಡ್ಮಾಸ್ತರರು ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ಅರವತ್ತರ ಹತ್ತಿರದ ಇಬ್ಬರು ವ್ಯಾಪಾರಸ್ಥರು ಕೈಕಟ್ಟಿ ನಿಂತರು.

"ಕಾಯದೆದಾಗ ಬಾಗಲಾ ಇಷ್ಟ ಇರಬೇಕು ಅಂತ ಐತೇನು?" ಎಂದು ಹೆಡ್ಮಾಸ್ತರರು ನನ್ನನ್ನು ಕೇಳಿದರು.

"ಇಲ್ರಿ. ಒಲಿದಷ್ಟ ಐತಿ."

"ಮತ್ತ ಎರಡು ಬಾಗಲಾ, ನಡೂಕ ಒಂದ ಅಡಿಗಿಮನಿ. ಕುಂದರ್ರಿ."

ಕೂತರು. ನಕಾಶೆ ಮಂಜೂರಾಯಿತು, ಮೊಹರು ಬಿತ್ತು.

ಇನ್ನು ಉಳಿದದ್ದು ಪೈಪಿನ ಪಟ್ಟಿಗೆ ಕಲ್ಲು ನೆಡುವುದು. ಪೈಪು ಎಲ್ಲಿದೆಯೆಂದು ಖಾತ್ರಿ ಮಾಡಿಕೊಳ್ಳಲು ಕೆಂಪು ಗೆರೆಯ ಜಾಗದಲ್ಲಿ ಅಗೆಸಿದೆ. ಎರೆಮಣ್ಣು ಹೋಗಿ ಮೊರಂ ಬಂತು, ಮೊರಂ ಹೋಗಿ ಕಲ್ಲು ಬಂತು, ಪೈಪು ಬರಲಿಲ್ಲ. ಎಡಕ್ಕೆ ಅಗೆಸಿದೆ, ಬಲಕ್ಕೆ ಅಗೆಸಿದೆ. ಹೊಲದ ನಡುವೆ ಹೂತುಹೋದ ಆನೆ ಹುಡುಕಿದ ಹಾಗೆ ಹೊಂಡಗಳಾದವು. ಹೆದರಿ ಸಾಹೇಬರ ಮುಂದೆ ನಿಂತೆ. ಯಾವ ಪೈಪಿಗಾಗಿ ಒಂದು ಮನೆ ಕಡಿಮೆ ಮಾಡಿ ಅಣ್ಣ ತಮ್ಮಂದಿರನ್ನು ಒಂದು ಮಾಡಿದೆವೋ ಆ ಪೈಪೇ ಇಲ್ಲ ಎಂದೆ.

"ಊರಾಗ ನೀರು ಬರಾಕತ್ತೈತೇನು?"

"ಬರಾಕತ್ತೈತ್ರಿ."

"ಅಂದಮ್ಯಾಲ ಪೈಪು ಐತಿ. ನಕಾಶಿದಾಗ ಎಲ್ಲಿ ಐತಿ?"

"ಹೊಲದ ನಡೂಕರಿ."

"ಅಂದಮ್ಯಾಲ ಅಲ್ಲೇ ಐತಿ. ಕಲ್ಲು ನಡಸು."

ನೆಡಿಸಿದೆ. ಇಲ್ಲದ ಪೈಪಿನ ಎರಡೂ ಬದಿಗೆ ಬಯಲು ಬಿಟ್ಟೆ. ನೆಮ್ಮದಿ ಇರಲಿಲ್ಲ, ಆದರೆ ಸಂಬಳದ ನೌಕರ, ಸುಮ್ಮನಾದೆ.

ಮನೆ ಕಟ್ಟುವ ಕೆಲಸ ಹೆಡ್ಮಾಸ್ತರರ ಪ್ಲಾಟಿನಿಂದಲೇ ಸುರುವಾಯಿತು. ಅದು ಹೊಲದ ತೀರ ಅಂಚಿಗೆ, ಪಟ್ಟಿಯಿಂದ ಬಲು ದೂರ. ಪೂಜೆಗೆ ನಾನೂ ಹೋಗಿದ್ದೆ. ತೆಂಗಿನಕಾಯಿ ಒಡೆದರು, ಅರಿಶಿಣ ಕುಂಕುಮ ಹಾಕಿದರು. ಪಾಯ ತೋಡುವವನು ಗುದ್ದಲಿ ಎತ್ತಿ ಹಾಕಿದ. ಟಣ್ ಎಂದು ಸದ್ದಾಯಿತು. ಎಲ್ಲರೂ ನಿಧಿ ಅಂದರು. ಹೆಡ್ಮಾಸ್ತರರು ಮಾತ್ರ ಗದ್ದಲ ಮಾಡಬೇಡಿ ಎಂದು ಎಲ್ಲರನ್ನೂ ಹಿಂದೆ ಸರಿಸಿ, "ಇನ್ನೊಂದು ಹಾಕು," ಎಂದರು. ಅವನು ಇನ್ನೊಂದು ಹಾಕಿದ.

ನೀರು ಆಳೆತ್ತರಕ್ಕೆ ಚಿಮ್ಮಿತು. ಹೆಡ್ಮಾಸ್ತರರ ರುಮಾಲು ಹಾರಿ ಹೋಯಿತು. ಭಟ್ಟರು ಮಂತ್ರ ನಿಲ್ಲಿಸದೆ ತೋಯುತ್ತ ಓಡಿದರು. ಕ್ಷಣದಲ್ಲಿ ಹೊಂಡ ತುಂಬಿ ಹರಿಯತೊಡಗಿತು. ಊರೊಳಗೆ ನಲ್ಲಿಗಳು ಒಣಗಿದ ಸುದ್ದಿ ಹೇಗೆ ಹಬ್ಬಿತೋ, ಮಧ್ಯಾಹ್ನದ ಹೊತ್ತಿಗೆ ಕೊಡ ಹೊತ್ತ ಹೆಂಗಸರು ಕೋಟೆ ಬಾಗಿಲು ದಾಟಿ ಸಾಲಾಗಿ ಬಂದರು. ತೋಯ್ದ ಹೆಡ್ಮಾಸ್ತರರು ಮಣ್ಣಿನ ಗುಡ್ಡೆಯ ಮೇಲೆ ನಿಂತು, "ಸಣ್ಣ ಕೊಡದವ್ರು ಮುಂದ, ದೊಡ್ಡ ಕೊಡದವ್ರು ಹಿಂದ. ಮಾತು ಬ್ಯಾಡ," ಎಂದು ಅವರನ್ನು ನಿಲ್ಲಿಸುತ್ತಿದ್ದರು. ತಮ್ಮ ಮನೆಯ ಪಾಯ ಕೊಚ್ಚಿಹೋಗುತ್ತಿರುವುದು ಅವರ ಗಮನಕ್ಕೆ ಬಂದಂತಿರಲಿಲ್ಲ.

ನನ್ನ ನೌಕರಿ ಹೋಯಿತೆಂದು ತಿಳಿದೆ. ಕಚೇರಿಗೆ ಹೋಗುವ ದಾರಿಯಲ್ಲಿ ಮನೆಗೆ ಏನು ಹೇಳುವುದೆಂದು ಮಾತು ಹೊಂದಿಸಿಕೊಂಡೆ. ಸಾಹೇಬರು ಎಲ್ಲ ಕೇಳಿ, ಕಾಲು ನೀವಿಕೊಂಡು, ಮಂಜೂರಾದ ನಕಾಶೆ ತರಿಸಿ ನೋಡಿದರು.

"ಇದಕ್ಕ ಮೊಹರು ಬಿದ್ದೈತಿ. ಇದು ತಪ್ಪಾಗಾಕ ಬರೂದಿಲ್ಲ. ತಪ್ಪು ಪೈಪಿಂದು. ಬ್ಯಾರೆ ಕಡೆ ಹೋಗಿ ಮಲಗೈತಿ."

"ಈಗ ಏನು ಮಾಡೂದ್ರಿ?"

"ನಕಾಶಿದಾಗ ಎಲ್ಲಿ ಐತೋ ಅಲ್ಲಿಗೆ ತಂದು ಹಾಕಸು."

ಹಾಗೆಯೇ ಆಯಿತು. ಯುದ್ಧದ ನಂತರ ಕಬ್ಬಿಣ ಸಿಗದ ಕಾಲ. ಇದ್ದ ಪೈಪನ್ನೇ ತುಂಡು ತುಂಡಾಗಿ ಕಿತ್ತು, ಎತ್ತಿನ ಬಂಡಿಯಲ್ಲಿ ಹೇರಿ, ಹೊಲದ ನಡುವೆ ನಾನು ಸುಳ್ಳೇ ಕಲ್ಲು ನೆಡಿಸಿದ್ದ ಪಟ್ಟಿಯೊಳಗೆ ತಂದು ಹೂಳಿದೆವು. ನಾನು ತೋಡಿಸಿದ್ದ ಹೊಂಡಗಳು ಕೆಲಸಕ್ಕೆ ಬಂದವು. ಮುಂದಾಲೋಚನೆಯ ಹುಡುಗ ಎಂದು ಸಾಹೇಬರು ಮೆಚ್ಚಿದರು. ಅದನ್ನು ನಿಜವಾಗಿಯೇ ಹೇಳಿದರೋ ಚೇಷ್ಟೆಗೋ ನನಗೆ ಗೊತ್ತಾಗಲಿಲ್ಲ. ಅವರು ಚೇಷ್ಟೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮನೆಗಳು ಎದ್ದವು. ಸ್ವಾತಂತ್ರ್ಯವೂ ಬಂತು. ಒಂದು ದಿನ ಅಣ್ಣ ತಮ್ಮ ಇಬ್ಬರೂ ಕಚೇರಿಗೆ ಬಂದು ಅದೇ ಬಾಕಿನ ಮೇಲೆ ಕೂತರು. ಹೊಸ ಅಡಿಗೆಮನೆಯ ಹೊಗೆಕಿಂಡಿ ತಮ್ಮನ ಕಡೆಗೆ ವಾಲಿತ್ತು. ಹೊಗೆ ಪೂರಾ ತನ್ನ ಪಡಸಾಲೆಗೆ ಬರುತ್ತದೆ ಎಂದು ಅವನ ದೂರು.

"ಅವಗ ಹೇಳ್ರಿ, ಗಾಳಿ ಆ ಕಡಿಗಿ ಬೀಸಿದ್ರ ನಾ ಏನ ಮಾಡ್ಲಿ," ಎಂದು ಅಣ್ಣ ಸುರುಮಾಡಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ತಡೆಯಲಾರದೆ ತಿರುಗಿ ಕೂತ. "ಗಾಳಿ ಅಂತೀಯಲ್ಲ, ಕಿಂಡಿ ಇಡಸಾಕ ನಿಂತಾವ ಯಾರು? ನೀನ ನಿಂತಿದ್ದಿ!"

"ನಾ ನಿಂತಾಗ ನೀ ಎಲ್ಲಿ ಹೋಗಿದ್ದಿ? ಚಹಾ ಕುಡ್ಯಾಕ ಹೋಗಿದ್ದಿ!"

ತಾವು ನೇರವಾಗಿ ಮಾತಾಡುತ್ತಿದ್ದೇವೆಂದು ಅವರಿಗೆ ಗೊತ್ತಾಗಲಿಲ್ಲ. ನಾನು ಮೇಜಿನ ಮೇಲಿನ ಕಾಗದ ನೋಡುತ್ತ ಕೂತೆ. ನನ್ನ ಕಣ್ಣು ತುಂಬಿ ಬಂತು, ಯಾಕೆಂದು ಹೇಳಲಾರೆ. ಅವರೇನು ನನ್ನ ಬಳಗವಲ್ಲ, ಮಾತು ಹೊಗೆಯದು. ಜಗಳಾಡುತ್ತಲೇ ಎದ್ದರು, ಜಗಳಾಡುತ್ತಲೇ ಟಾಂಗಾ ಹತ್ತಿದರು.

ಸ್ವಲ್ಪ ದಿನಕ್ಕೆ ನನ್ನನ್ನು ಊಟಕ್ಕೆ ಕರೆದರು. ಇಬ್ಬರೂ ಅಡಿಗೆಮನೆಯಲ್ಲೇ ಎದುರುಬದುರು ಕೂತಿದ್ದರು, ನಡುವೆ ಒಲೆ. ಶೇಂಗಾ ಧಾರಣೆ, ಮಳೆ, ಮಗಳ ಲಗ್ನ, ಮಂದಿರದ ಸುಣ್ಣ, ಏನು ಬಂದರೂ ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುತ್ತಿದ್ದ. ಅಣ್ಣನ ಹೆಂಡತಿ ನನ್ನ ತಟ್ಟೆಗೆ ರೊಟ್ಟಿ ಹಾಕಲು ಬಗ್ಗಿದವಳು ಮೆಲ್ಲಗೆ ಹೇಳಿದಳು:

"ಸಾಹೇಬ್ರ, ಮೊದಲ ಚೊಲೊ ಇತ್ತರಿ. ನಾವಿಬ್ಬರೂ ನಮ್ಮಷ್ಟಕ್ಕ ಮಾತಾಡಿಕೋತ ಅಡಿಗಿ ಮಾಡತಿದ್ವಿ. ಈಗ ಇಬ್ಬರೂ ಇಲ್ಲೇ ಬಂದು ಕುಂದರತಾರ, ನಮಗ ಮಾತಾಡಾಕ ಜಾಗಾ ಇಲ್ದಂಗಾಗೈತಿ. ಇದಕ್ಕೇನರ ಕಾಯದೆ ಐತೇನ್ರಿ?"

ಇಲ್ಲವೆಂದೆ. ತಮ್ಮನ ಹೆಂಡತಿ ನಿಟ್ಟುಸಿರು ಬಿಟ್ಟು ಮೊಸರು ತರಲು ಎದ್ದಳು.